ಮಂಗಳೂರು ಹಳೆ ಬಂದರು

ಮಂಗಳೂರು ಹಳೆ ಬಂದರು ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ನಗರದಲ್ಲಿ ಗುರುಪುರ (ಫಲ್ಗುಣಿ) ನದಿಯ ದಂಡೆಯ ಮೇಲಿರುವ ಪ್ರಾಚೀನ ನದೀಮುಖ ಬಂದರು. ಸರಕು ಹಡಗುಗಳ ಧಕ್ಕೆ, ಮೀನುಗಾರಿಕೆ ಧಕ್ಕೆ, ರಖಂ ವ್ಯಾಪಾರದ ಬೀದಿಗಳು ಮತ್ತು ಉಗ್ರಾಣಗಳು ಸೇರಿದ ಈ ಪ್ರದೇಶವನ್ನು ಸ್ಥಳೀಯರು 'ಬಂದರ್' ಎಂದೇ ಕರೆಯುತ್ತಾರೆ. ಕರಿಮೆಣಸು, ಅಕ್ಕಿ, ಕಾಫಿ ಮತ್ತು ಹಂಚುಗಳ ರಫ್ತಿಗೆ ಹೆಸರಾಗಿದ್ದ ಈ ಬಂದರು, 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ಬಳಕೆಗೆ ಬಂದ ಮೇಲೆ ದೊಡ್ಡ ಹಡಗುಗಳ ವ್ಯವಹಾರವನ್ನು ಕಳೆದುಕೊಂಡಿತು. ಇಂದು ಇದು ಮುಖ್ಯವಾಗಿ ಮೀನುಗಾರಿಕೆಯ ಕೇಂದ್ರವಾಗಿದೆ ಮತ್ತು ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಬಂದರಾಗಿದೆ.

ಹೆಸರು

'ಬಂದರು' ಎಂಬ ಪದವು ಪಾರಸಿ ಭಾಷೆಯಿಂದ ಕನ್ನಡಕ್ಕೆ ಬಂದುದು. ತುಳುವಿನಲ್ಲಿ ಮಂಗಳೂರಿಗೆ 'ಕುಡ್ಲ' ಎಂಬ ಹೆಸರಿದೆ. ನದಿಗಳು ಕೂಡುವ ಸ್ಥಳ ಎಂಬ ಅರ್ಥದಿಂದ ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಇದೇ ನಗರವನ್ನು ಕೊಂಕಣಿಯಲ್ಲಿ 'ಕೊಡಿಯಾಲ್' ಎಂದೂ ಬ್ಯಾರಿ ಭಾಷೆಯಲ್ಲಿ 'ಮೈಕಾಲ' ಎಂದೂ ಕರೆಯುತ್ತಾರೆ. ಒಂದೇ ಊರಿಗೆ ಇಷ್ಟು ಹೆಸರುಗಳಿರುವುದು ಬಂದರನ್ನು ನೆಚ್ಚಿ ಬದುಕಿದ ಸಮುದಾಯಗಳ ವೈವಿಧ್ಯವನ್ನು ಸೂಚಿಸುತ್ತದೆ.

ಭೌಗೋಳಿಕ ಸನ್ನಿವೇಶ

ಪಶ್ಚಿಮ ಘಟ್ಟದ ಕಡೆಯಿಂದ ಹರಿದು ಬರುವ ಗುರುಪುರ ನದಿಯು ಕಡಲಿನ ಸಮೀಪಕ್ಕೆ ಬಂದು ನೇರವಾಗಿ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ ಕರಾವಳಿಗೆ ಸಮಾನಾಂತರವಾಗಿ ಹರಿಯುತ್ತದೆ. ದಕ್ಷಿಣದಿಂದ ಬರುವ ನೇತ್ರಾವತಿಯೊಡನೆ ಕೂಡಿ ಅದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿ ಮತ್ತು ಕಡಲಿನ ನಡುವೆ ಚಾಚಿರುವ ಮರಳಿನ ಪಟ್ಟಿಯೇ ಬೆಂಗ್ರೆ. ಈ ಪಟ್ಟಿಯು ಕಡಲಿನ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಶಾಂತವಾಗಿದ್ದು, ದೋಣಿಗಳಿಗೆ ಸಹಜವಾದ ಆಶ್ರಯ ದೊರೆಯುತ್ತದೆ.

ಆದರೆ ಈ ನೈಸರ್ಗಿಕ ಅನುಕೂಲದ ಜೊತೆಯಲ್ಲಿಯೇ ಬಂದರಿನ ಮುಖ್ಯ ಕೊರತೆಯೂ ಇದೆ. ನದಿಗಳು ಹೊತ್ತು ತರುವ ಹೂಳು ಮತ್ತು ಅಲೆಗಳು ತಳ್ಳುವ ಮರಳು ಅಳಿವೆಬಾಗಿಲಿನಲ್ಲಿ ದಿಬ್ಬವಾಗಿ ನಿಲ್ಲುತ್ತವೆ. ಆದ್ದರಿಂದ ಆಳವಾದ ತಳದ ಹಡಗುಗಳು ಒಳಗೆ ಬರಲಾರವು. ಉಗಿಹಡಗುಗಳ ಕಾಲದಲ್ಲಿ ಅವು ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಅಳಿವೆಯ ಮೂಲಕ ಸಾಗಿಸಿ ಹಡಗಿಗೆ ಏರಿಸಬೇಕಾಗಿತ್ತು. ಮಳೆಗಾಲದಲ್ಲಿ ಈ ಕೆಲಸವೂ ಅಸಾಧ್ಯವಾಗಿ, ಬಂದರು ಹಲವು ತಿಂಗಳು ಮುಚ್ಚಿರುತ್ತಿತ್ತು.

ಇತಿಹಾಸ

ಪ್ರಾಚೀನ ಮತ್ತು ಮಧ್ಯಯುಗ

6ನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸ್ ಇಂಡಿಕೋಪ್ಲೂಸ್ಟಸ್, ಕರಿಮೆಣಸನ್ನು ರಫ್ತು ಮಾಡುತ್ತಿದ್ದ ಪಶ್ಚಿಮ ಕರಾವಳಿಯ ಬಂದರುಗಳ ಸಾಲಿನಲ್ಲಿ 'ಮಂಗರೂತ್' ಎಂಬ ಹೆಸರನ್ನು ಕೊಡುತ್ತಾನೆ. ಇದನ್ನು ವಿದ್ವಾಂಸರು ಮಂಗಳೂರೆಂದು ಗುರುತಿಸಿದ್ದಾರೆ.

12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಸುಮಾರು 1132ರಿಂದ 1149ರವರೆಗಿನ ಅವಧಿಯಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದನು. ಇವನು ಇಂದಿನ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದವನು. ಇಲ್ಲಿ ಅವನು ಕಂಚಿನ ಕಾರ್ಯಾಗಾರವೊಂದನ್ನು ನಡೆಸುತ್ತಿದ್ದನಲ್ಲದೆ ಏಡನ್ನಿನ ವರ್ತಕರೊಡನೆ ಮೆಣಸು, ಅಡಿಕೆ, ಕಬ್ಬಿಣ ಮುಂತಾದವುಗಳ ವ್ಯಾಪಾರ ಮಾಡುತ್ತಿದ್ದನು. ಅವನ ಪತ್ರಗಳು ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾಲಯದ ಕಾಗದಪತ್ರಗಳ ಸಂಗ್ರಹದಲ್ಲಿ ದೊರೆತಿವೆ. ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ನಡೆಸುತ್ತಿದ್ದ ಬೊಮ್ಮ ಎಂಬ ಸೇವಕನನ್ನು ಕುರಿತ ಶೋಧವೇ ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಕೃತಿಯ ವಸ್ತು.

14ನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮೆನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ ಮೆಣಸು ಹಾಗೂ ಶುಂಠಿ ಹೇರಳವಾಗಿದ್ದವೆಂದೂ ಬರೆದಿದ್ದಾನೆ. ಬಂದರ್ ಪ್ರದೇಶದಲ್ಲಿರುವ ಝೀನತ್ ಬಕ್ಷ್ ಮಸೀದಿಯು ಅರಬ್ ವರ್ತಕರ ಸಂಪರ್ಕದ ನೆನಪನ್ನು ಉಳಿಸಿಕೊಂಡಿದೆ. ಸ್ಥಳೀಯ ಪರಂಪರೆಯ ಪ್ರಕಾರ ಇದು 7ನೆಯ ಶತಮಾನದಷ್ಟು ಹಳೆಯದು.

ಪೋರ್ಚುಗೀಸರು ಮತ್ತು ಕೆಳದಿ ಅರಸರು

16ನೆಯ ಶತಮಾನದಲ್ಲಿ ಪೋರ್ಚುಗೀಸರು ಮಂಗಳೂರಿನ ಮೇಲೆ ಹಲವು ಬಾರಿ ದಾಳಿ ಮಾಡಿ, 1568ರಲ್ಲಿ ಇಲ್ಲಿ ಕೋಟೆಯೊಂದನ್ನು ಕಟ್ಟಿದರು. ನೇತ್ರಾವತಿಯ ಆಚೆ ದಡದ ಉಳ್ಳಾಲದ ರಾಣಿ ಅಬ್ಬಕ್ಕ ಅವರನ್ನು ಎದುರಿಸಿದುದು ಪ್ರಸಿದ್ಧವಾಗಿದೆ. ಈ ಕಾಲದ ಹೋರಾಟಗಳಲ್ಲಿ ಮೆಣಸಿನಷ್ಟೇ ಅಕ್ಕಿಯೂ ಮುಖ್ಯವಾಗಿತ್ತು. ಗೋವೆಯೂ ಮಲಬಾರಿನ ಪೋರ್ಚುಗೀಸ್ ನೆಲೆಗಳೂ ಕೆನರಾ ಕರಾವಳಿಯ ಅಕ್ಕಿಯನ್ನು ಅವಲಂಬಿಸಿದ್ದವು; ಅಕ್ಕಿಯ ಹಡಗುಗಳು ತಡವಾದರೆ ಗೋವೆಯಲ್ಲಿ ಆಹಾರದ ಕೊರತೆ ಉಂಟಾಗುತ್ತಿತ್ತು. 17ನೆಯ ಶತಮಾನದಲ್ಲಿ ಕೆಳದಿಯ ನಾಯಕರು ಪ್ರಬಲರಾಗಿ, ಶಿವಪ್ಪ ನಾಯಕನ ಕಾಲದಲ್ಲಿ ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರಹಾಕಿದರು.

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್

1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಮಂಗಳೂರನ್ನು ತನ್ನ ನೌಕಾಪಡೆಯ ನೆಲೆಯನ್ನಾಗಿ ಮಾಡಿಕೊಂಡು, ಇಲ್ಲಿ ಹಡಗುಗಳನ್ನು ಕಟ್ಟಿಸಿದನು. 1768ರಲ್ಲಿ ಬೊಂಬಾಯಿಯಿಂದ ಬಂದ ಬ್ರಿಟಿಷ್ ಪಡೆ ನಗರವನ್ನು ಹಿಡಿಯಿತಾದರೂ ಕೆಲವೇ ತಿಂಗಳಲ್ಲಿ ಅದನ್ನು ಕಳೆದುಕೊಂಡಿತು. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದಕ್ಕೆ 1784ರ ಮಾರ್ಚ್ 11ರಂದು ಇದೇ ಊರಿನಲ್ಲಿ ಸಹಿ ಬಿದ್ದಿತು. ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರವನ್ನು, ಗುರುಪುರ ನದಿಯೊಳಗೆ ಶತ್ರು ನೌಕೆಗಳು ಬಾರದಂತೆ ತಡೆಯಲು ಟಿಪ್ಪು ಕಟ್ಟಿಸಿದನು. 1799ರಲ್ಲಿ ಮಂಗಳೂರು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು.

ಹಂಚು, ಕಾಫಿ ಮತ್ತು ಗೋಡಂಬಿ

19ನೆಯ ಶತಮಾನದ ಉತ್ತರಾರ್ಧದಲ್ಲಿ ನದೀತೀರದ ಸ್ವರೂಪವು ಬದಲಾಯಿತು. ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಅವರ ಪ್ರಯತ್ನದಿಂದ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಪ್ರಾರಂಭವಾಯಿತು. ಮುಂದೆ ಹಲವು ಉದ್ಯಮಿಗಳು ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಗಳಲ್ಲಿ ಇಂತಹ ಕಾರ್ಖಾನೆಗಳನ್ನು ಸ್ಥಾಪಿಸಿದರು. ಈ ಉದ್ಯಮಕ್ಕೆ ನದಿಯೇ ಆಧಾರವಾಗಿತ್ತು. ಜೇಡಿಮಣ್ಣು ನದಿಬಯಲಿನಿಂದ ದೊರೆಯುತ್ತಿತ್ತು, ಗೂಡಿಗೆ ಬೇಕಾದ ಸೌದೆ ದೋಣಿಗಳಲ್ಲಿ ಬರುತ್ತಿತ್ತು, ಸುಟ್ಟ ಹಂಚುಗಳು ಅದೇ ನೀರಿನ ಹಾದಿಯಲ್ಲಿ ಬಂದರಿಗೆ ಹೋಗುತ್ತಿದ್ದವು. ಕೆಂಪು 'ಮಂಗಳೂರು ಹಂಚು' ಮುಂಬಯಿ, ಶ್ರೀಲಂಕಾ, ಪೂರ್ವ ಆಫ್ರಿಕಾ ಮುಂತಾದೆಡೆಗಳಿಗೆ ರಫ್ತಾಯಿತು.

ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಬೀಜವು ಘಟ್ಟವಿಳಿದು ಇಲ್ಲಿಗೆ ಬಂದು, ಇಲ್ಲಿನ ಸಂಸ್ಕರಣಾ ಕೇಂದ್ರಗಳಲ್ಲಿ ಒಣಗಿ, ಹಸನಾಗಿ ಯುರೋಪಿಗೆ ಹೋಗುತ್ತಿತ್ತು. 20ನೆಯ ಶತಮಾನದಲ್ಲಿ ಗೋಡಂಬಿ ಉದ್ಯಮವೂ ಬೆಳೆಯಿತು. ಪೂರ್ವ ಆಫ್ರಿಕಾದಿಂದ ಕಚ್ಚಾ ಗೇರುಬೀಜ ಆಮದಾಗಿ, ತಿರುಳು ರಫ್ತಾಗುತ್ತಿತ್ತು. ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹುಪಾಲು ಮಹಿಳೆಯರು. ಸರಕಿನ ಮೂಟೆಗಳನ್ನು ಹೊರುವ ಕೂಲಿಗಳು, ದೋಣಿಯ ಖಲಾಸಿಗಳು, ಎತ್ತಿನ ಗಾಡಿಯವರು, ಮಂಡಿಯ ವರ್ತಕರು ಎಲ್ಲರೂ ಈ ಸರಪಳಿಯಲ್ಲಿ ಸೇರಿದ್ದರು. ಮಳೆಗಾಲದಲ್ಲಿ ಬಂದರು ಮುಚ್ಚಿದಾಗ ಕೂಲಿಯನ್ನೇ ನಂಬಿದವರ ಗಳಿಕೆಯೂ ನಿಲ್ಲುತ್ತಿತ್ತು.

ಲಕ್ಷದ್ವೀಪದ ಸಂಬಂಧ

ಲಕ್ಷದ್ವೀಪದ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟು, 1799ರ ನಂತರ ಮಂಗಳೂರಿನಿಂದಲೇ ಆಡಳಿತಕ್ಕೊಳಗಾದವು. 1956ರವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದವರು ತೆಂಗಿನ ನಾರನ್ನು ಸರಕಾರಕ್ಕೆ ಒಪ್ಪಿಸಿ, ಬದಲಿಗೆ ಅಕ್ಕಿಯನ್ನು ಪಡೆಯುವ ವ್ಯವಸ್ಥೆ ದೀರ್ಘಕಾಲ ಇತ್ತು. ಭತ್ತ ಬೆಳೆಯದ ಆ ದ್ವೀಪಗಳಿಗೆ ಮಂಗಳೂರಿನ ದೋಣಿಯೇ ಜೀವನಾಧಾರವಾಗಿತ್ತು. ಇಂದಿಗೂ ಮಂಜಿ ಎಂಬ ಮರದ ಹಡಗುಗಳಲ್ಲಿ ಅಕ್ಕಿ, ತರಕಾರಿ ಹಾಗೂ ಕಟ್ಟಡ ಸಾಮಗ್ರಿಗಳು ಈ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುತ್ತವೆ.

ನವಮಂಗಳೂರು ಬಂದರಿನ ನಂತರ

ಅಳಿವೆಯ ಹೂಳಿನ ಸಮಸ್ಯೆಗೆ ಪರಿಹಾರವಾಗಿ, ಹಳೆ ಬಂದರಿನಿಂದ ಸುಮಾರು 10 ಕಿ.ಮೀ. ಉತ್ತರಕ್ಕಿರುವ ಪಣಂಬೂರಿನಲ್ಲಿ ಸರ್ವಋತು ಬಂದರಿನ ನಿರ್ಮಾಣವು 1960ರ ದಶಕದಲ್ಲಿ ಆರಂಭವಾಯಿತು. 1974ರ ಮೇ 4ರಂದು ಅದನ್ನು ದೇಶದ 9ನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಕುದುರೆಮುಖದ ಅದಿರು, ರಸಗೊಬ್ಬರ ಮತ್ತು ಪೆಟ್ರೋಲಿಯಂ ಉದ್ಯಮಗಳು ಆ ಬಂದರನ್ನು ಅನುಸರಿಸಿ ಬೆಳೆದವು; ಹೊಸ ಬಂದರು ಮತ್ತು ಉದ್ಯಮಗಳಿಗಾಗಿ ಆ ಭಾಗದ ಅನೇಕ ಕುಟುಂಬಗಳು ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು. ವಿದೇಶ ವ್ಯಾಪಾರವು ಉತ್ತರಕ್ಕೆ ಸರಿದ ಮೇಲೆ ಹಳೆ ಬಂದರು ರಾಜ್ಯ ಸರಕಾರದ ಅಧೀನದ ಕಿರುಬಂದರಾಗಿ ಉಳಿಯಿತು. ಕಾಂಕ್ರೀಟ್ ಛಾವಣಿಗಳ ಬಳಕೆ ಹೆಚ್ಚಿದುದರಿಂದ ಹಂಚಿನ ಕಾರ್ಖಾನೆಗಳಲ್ಲಿಯೂ ಹಲವು ಮುಚ್ಚಿದವು.

ಮೀನುಗಾರಿಕೆ

ಸರಕಿನ ಹಡಗುಗಳು ತೆರವು ಮಾಡಿದ ಸ್ಥಾನವನ್ನು ಬಹುಮಟ್ಟಿಗೆ ಮೀನುಗಾರಿಕೆ ತುಂಬಿತು. ಹಿಂದೆ ಕರಾವಳಿಯ ಮೊಗವೀರರು ರಂಪಣಿ ಎಂಬ ಬೃಹತ್ ಬಲೆಯನ್ನು ಹತ್ತಾರು ಜನ ಸೇರಿ ದಡಕ್ಕೆ ಎಳೆದು ಬಂಗುಡೆ, ಬೂತಾಯಿ ಹಿಡಿಯುತ್ತಿದ್ದರು. ಬಂದ ಮೀನು ಎಲ್ಲರಿಗೂ ಪಾಲಾಗುತ್ತಿತ್ತು. ಯಾಂತ್ರಿಕ ಟ್ರಾಲ್ ದೋಣಿಗಳೂ 1970ರ ದಶಕದ ಉತ್ತರಾರ್ಧದಲ್ಲಿ ಹರಡಿದ ಪರ್ಸೀನ್ ಬಲೆಗಳೂ ಈ ಪದ್ಧತಿಯನ್ನು ಹಿಂದಕ್ಕೆ ಸರಿಸಿದವು. ಉತ್ಪಾದನೆ ಹೆಚ್ಚಿತು, ಆದರೆ ಬಂಡವಾಳವಿಲ್ಲದವರು ಪಾಲುಗಾರರ ಬದಲು ಕೂಲಿಕಾರರಾದರು.

ಇಂದು ಧಕ್ಕೆಯಲ್ಲಿ ನಸುಕಿನಲ್ಲಿಯೇ ಮೀನಿನ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಕೊಂಡ ಮೀನನ್ನು ನಗರದಲ್ಲಿ ಮಾರುವ ಮಹಿಳೆಯರು, ಮಂಜುಗಡ್ಡೆ ಘಟಕಗಳು, ಒಣಮೀನಿನ ವ್ಯಾಪಾರ ಇವೆಲ್ಲವೂ ಧಕ್ಕೆಯನ್ನು ಆಶ್ರಯಿಸಿವೆ. ದೋಣಿಗಳಲ್ಲಿ ತಮಿಳುನಾಡು, ಆಂಧ್ರಪ್ರದೇಶ, ಒಡಿಶಾ ರಾಜ್ಯಗಳ ಕಾರ್ಮಿಕರೂ ದುಡಿಯುತ್ತಾರೆ. ಮೀನಿನ ಸಂತಾನವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸಲಾಗಿದ್ದು, ಆ ಅವಧಿಯಲ್ಲಿ ದೋಣಿಗಳು ಧಕ್ಕೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಆಗ ನಾಡದೋಣಿಗಳಿಗೆ ಮಾತ್ರ ಅವಕಾಶವಿರುತ್ತದೆ.

ಪ್ರಸಕ್ತ ಪ್ರಶ್ನೆಗಳು

ಅಳಿವೆಬಾಗಿಲಿನ ಹೂಳು ಇಂದಿಗೂ ಮೀನುಗಾರರಿಗೆ ಅಪಾಯಕಾರಿಯಾಗಿದೆ. ಅಲ್ಲಿ ದೋಣಿಗಳು ಮಗುಚಿದ ಘಟನೆಗಳಿವೆ. ಆದ್ದರಿಂದ ಆಗಾಗ ಹೂಳೆತ್ತಬೇಕಾಗುತ್ತದೆ. ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲವು ಕಡಲ್ಕೊರೆತದಿಂದ ಬಳಲುತ್ತಿದೆ. ಬೆಂಗ್ರೆಯ ನಿವಾಸಿಗಳು ನಗರಕ್ಕೆ ಬರಲು ಇಂದಿಗೂ ದೋಣಿಯನ್ನು ಬಳಸುತ್ತಾರೆ. ರಸ್ತೆಯಲ್ಲಿ ಬರುವುದಾದರೆ ನದಿಯನ್ನು ಸುತ್ತಿ ಬಹುದೂರ ಸಾಗಬೇಕು.

2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಮಂಗಳೂರು ಆಯ್ಕೆಯಾದ ನಂತರ ನದೀತೀರದಲ್ಲಿ ವಾಯುವಿಹಾರ ಪಥಗಳು ಮತ್ತು ಪ್ರವಾಸೋದ್ಯಮದ ಸೌಕರ್ಯಗಳ ನಿರ್ಮಾಣಕ್ಕೆ ಒತ್ತು ದೊರೆತಿದೆ. ನಗರದ ಜನರಿಗೆ ನದಿಯ ದಂಡೆ ತೆರೆದುಕೊಳ್ಳುವುದು ಇದರ ಪ್ರಯೋಜನ. ಅದೇ ದಂಡೆಯು ದೋಣಿ ಕಟ್ಟುವ, ಬಲೆ ಹೆಣೆಯುವ, ಮೀನು ಒಣಗಿಸುವ ಕೆಲಸದ ಸ್ಥಳವೂ ಆಗಿರುವುದರಿಂದ, ಅದರ ಬಳಕೆಯ ಹಕ್ಕು ಹಾಗೂ ಕಾಂಡ್ಲಾ ಗಿಡಗಳ ರಕ್ಷಣೆ ಈ ಅಭಿವೃದ್ಧಿಯ ಮುಂದಿರುವ ಮುಖ್ಯ ಪ್ರಶ್ನೆಗಳಾಗಿವೆ.