ಕನಿಕಾದ ತಲೆಬುರುಡೆ, ಸಾತಭಾಯದ ದೇವಿಯರು

ಒಡಿಶಾದ ಕನಿಕಾ ರಾಜಮನೆತನ ಒಂದು ಮೊಸಳೆಯ ತಲೆಬುರುಡೆಯನ್ನು ಜೋಪಾನ ಮಾಡಿಟ್ಟುಕೊಂಡಿತ್ತು. 1926ರಲ್ಲಿ ಧಾಮ್ರಾ ಸಮೀಪ ಗುಂಡೇಟಿಗೆ ಸತ್ತ ಪ್ರಾಣಿಯದು. ತಲೆ ಮೈಯುದ್ದದ ಒಂಬತ್ತನೇ ಒಂದು ಪಾಲು ಎಂದು ಲೆಕ್ಕ ಹಾಕಿದವರು, ಆ ಮೊಸಳೆ 20ರಿಂದ 23 ಅಡಿ ಇದ್ದಿರಬೇಕು ಎಂದರು. ಏಳನೇ ಒಂದು ಪಾಲು ಎಂದು ಹಿಡಿದರೆ ನಾಲ್ಕೈದು ಅಡಿ ಕುಗ್ಗಿಬಿಡುತ್ತದೆ. ಮೊಸಳೆಶಾಸ್ತ್ರಜ್ಞರಿಗೆ ಇದು ಇಂದಿಗೂ ತೀರದ ತಕರಾರು. ನನಗೆ ಕುತೂಹಲ ಹುಟ್ಟಿಸಿದ್ದು ಉದ್ದವಲ್ಲ, ಇಸವಿ.

ಬ್ರಾಹ್ಮಣಿ, ಬೈತರಣಿ ನದಿಗಳು ಬಂಗಾಳ ಕೊಲ್ಲಿಗೆ ಸೇರುವ ಕಡೆ, ಕೇಂದ್ರಾಪಡಾ ಜಿಲ್ಲೆಯಲ್ಲಿ ಭಿತರ್‌ಕನಿಕಾ ರಾಷ್ಟ್ರೀಯ ಉದ್ಯಾನವಿದೆ. ಚಾಂದಬಾಲಿಯಿಂದಲೋ ಗುಪ್ತಿಯಿಂದಲೋ ದೋಣಿ ಹತ್ತಿದರೆ ಎರಡೂ ದಡಗಳಲ್ಲಿ ಕಾಂಡ್ಲಾ ಕಾಡು, ಕೆಸರಿನ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಗಳು. ಕಾಡಿನೊಳಗೆ ನಡೆದು ಹೋದರೆ ಹಳೆಯ ಶಿವನ ಗುಡಿ, ಒಂದು ಕೊಳ, ಕನಿಕಾದ ರಾಜರು ಕೂತು ಬೇಟೆಯಾಡುತ್ತಿದ್ದ ಗೋಪುರ. ಪ್ರವಾಸಿಗರು ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ರಾಜರ ಬೇಟೆಯ ಹಂಬಲದಿಂದಲೇ ಈ ಕಾಡು ಉಳಿಯಿತು ಎಂಬ ಮಾತು ಅಲ್ಲಿ ಸಲೀಸಾಗಿ ಚಲಾವಣೆಯಾಗುತ್ತದೆ.

ಅದು ಪೂರ್ತಿ ಸುಳ್ಳಲ್ಲ. ಆದರೆ ರಾಜ ಎಂದರೆ ಇಲ್ಲಿ ಜಮೀನ್ದಾರ. ಆ ಮೊಸಳೆ ಸಾಯುವ ನಾಲ್ಕೈದು ವರ್ಷ ಮೊದಲು, 1921–22ರಲ್ಲಿ, ಕನಿಕಾದ ರೈತರು ಕಂದಾಯಕ್ಕೂ ಅದರ ಮೇಲೆ ಹೇರಿದ ಬಗೆಬಗೆಯ ವಸೂಲಿಗಳಿಗೂ ಎದುರು ನಿಂತಿದ್ದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಗೋಪಬಂಧು ದಾಸರು ತಮ್ಮ ‘ಸಮಾಜ’ ಪತ್ರಿಕೆಯಲ್ಲಿ ಇದನ್ನು ಎತ್ತಿ ಹಿಡಿದು ಸರ್ಕಾರದ ಕೆಂಗಣ್ಣಿಗೆ ಗುರಿಯಾದರು. ವಸೂಲಿಯ ಕೈ ಎಷ್ಟು ಉದ್ದವಿತ್ತೆಂದರೆ, ಗಹಿರ್‌ಮಥಾದ ಮರಳಲ್ಲಿ ಕಡಲಾಮೆ ಇಟ್ಟ ಮೊಟ್ಟೆ ಎತ್ತಿಕೊಳ್ಳುವುದಕ್ಕೂ ಎಸ್ಟೇಟಿಗೆ ‘ಅಂಡಾಕರ’ ಕಟ್ಟಬೇಕಿತ್ತು. ಮೊಸಳೆಯ ತಲೆ ಜೋಪಾನವಾಗಿ ಉಳಿಯಿತು. ಗುಂಡಿಗೆ ಎದೆಯೊಡ್ಡಿದವರ ನೆನಪಿಗೆ ಬೇಟೆಗೋಪುರಕ್ಕೆ ಸಿಕ್ಕಷ್ಟು ಜಾಗವೂ ಸಿಗಲಿಲ್ಲ.

1952ರಲ್ಲಿ ಜಮೀನ್ದಾರಿ ರದ್ದಾಗಿ ಕಾಡು ಸರ್ಕಾರದ ಕೈಗೆ ಬಂತು. ಮುಂದಿನ ಇಪ್ಪತ್ತು ವರ್ಷ ಮರ ಕಡಿತ, ಗದ್ದೆ ಒತ್ತುವರಿ, ಚರ್ಮಕ್ಕಾಗಿ ಮೊಸಳೆಗಳ ಕೊಲೆ. ಮತ್ತೆ ಕತೆ ಕಳೆಗಟ್ಟುವುದು ಎಚ್. ಆರ್. ಬಸ್ಟರ್ಡ್ ಬಂದ ಮೇಲೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರಾಗಿದ್ದ ಅವರ ಸಲಹೆಯಂತೆ 1975ರಲ್ಲಿ ಈ ಕಾಡಿನ ಡಾಂಗಮಾಲ್‌ನಲ್ಲಿ ‘ಬೌಲಾ’ ಯೋಜನೆ ಶುರುವಾಯಿತು. ಬೌಲಾ ಎಂದರೆ ಉಪ್ಪುನೀರಿನ ಮೊಸಳೆ. ಅವುಗಳ ಗೂಡಿನಿಂದ ಮೊಟ್ಟೆ ತಂದು ಮರಿ ಮಾಡಿಸಿ, ಶತ್ರುಗಳ ಬಾಯಿಗೆ ಸಿಗದಷ್ಟು ದೊಡ್ಡವಾದ ಮೇಲೆ ನದಿಗೆ ಬಿಡುವುದು ಕ್ರಮ. ಅದೇ ವರ್ಷ 672 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು. ಅದರ ಒಳಭಾಗದ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಹಿರ್‌ಮಥಾದ ಕಡಲು 1997ರಲ್ಲೇ ಆಮೆಗಳ ಪಾಲಿಗೆ ರಕ್ಷಿತವಾಗಿತ್ತು. ನೂರರ ಒಳಗಿದ್ದ ಮೊಸಳೆಗಳು 2024ರ ಗಣತಿಯಲ್ಲಿ 1,811.

ಈ ಗೆಲುವಿನ ಸುಂಕ ಕಟ್ಟುತ್ತಿರುವವರು ಮಾತ್ರ ಮತ್ತೆ ಅದೇ ಹಳ್ಳಿಯವರು. ಸ್ನಾನಕ್ಕೆ, ಪಾತ್ರೆ ತೊಳೆಯಲಿಕ್ಕೆ ಹೊಳೆಗೆ ಇಳಿದವರನ್ನು ಮೊಸಳೆ ಎಳೆದೊಯ್ದ ಸುದ್ದಿ ಆಗಾಗ ಬರುತ್ತದೆ. ಹಲವು ಘಟ್ಟಗಳಿಗೆ ಅರಣ್ಯ ಇಲಾಖೆ ಬೇಲಿ ಹಾಕಿಸಿದೆ.

ಬೇಲಿ ಹಾಕಲಾಗದ್ದು ಸಮುದ್ರಕ್ಕೆ. ಅಭಯಾರಣ್ಯದ ಅಂಚಿನಲ್ಲಿ ಸಾತಭಾಯ ಎಂಬ ಏಳು ಹಳ್ಳಿಗಳ ಗುಂಪಿತ್ತು. ಒಂದೊಂದಾಗಿ ಹೆಚ್ಚಿನವನ್ನು ಅಲೆ ನುಂಗಿತು. ಅಲ್ಲಿನ ಪಂಚುಬರಾಹಿ ಗುಡಿಯಲ್ಲಿ ಐದು ದೇವಿಯರ ಶಿಲಾಮೂರ್ತಿಗಳಿದ್ದವು. ಪೂಜೆ ಮಾಡುವವರು ಮೀನುಗಾರ ಸಮುದಾಯದ ಮದುವೆಯಾದ ಹೆಂಗಸರು. ಗಂಡಸರು ಮೂರ್ತಿ ಮುಟ್ಟುವಂತಿಲ್ಲ. ಕಡಲು ಗುಡಿಯ ಬಾಗಿಲಿಗೆ ಬಂದಾಗ, 2018ರಲ್ಲಿ, ದೇವಿಯರನ್ನು ಬಾಗಪಾಟಿಯಾಕ್ಕೆ ಸಾಗಿಸಬೇಕಾಯಿತು. ಭಾರದ ಕಲ್ಲುಗಳು, ಎತ್ತಲು ಗಂಡಸರೇ ಬೇಕಾದರು. ತಲೆಮಾರುಗಳ ಕಟ್ಟಳೆ ಆ ದಿನ ಮುರಿಯಿತು. ಊರಿನವರಿಗೂ ಬಾಗಪಾಟಿಯಾದಲ್ಲೇ ಪುನರ್ವಸತಿ.

ಪರಂಪರೆ ಎಂದರೆ ಬೇಟೆಗೋಪುರ, ತಲೆಬುರುಡೆ ಎಂದಷ್ಟೇ ತಿಳಿದಿರುವ ನಮ್ಮ ಪ್ರವಾಸೋದ್ಯಮದ ಬಗ್ಗೆ ನನಗೆ ಸಿಟ್ಟಿದೆ. ಕಾಡನ್ನು ರಾಜನ ಕೋವಿ ಕಾದಿತು ಎನ್ನುವವರು, ಆ ಕೋವಿಯ ಖರ್ಚು ಯಾರು ಕೊಟ್ಟರು ಎಂದೂ ಹೇಳಬೇಕು.

ಮೊಸಳೆಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಮೇ 1ರಿಂದ ಜುಲೈ 31ರವರೆಗೆ ಉದ್ಯಾನ ಮುಚ್ಚಿರುತ್ತದೆ. ಚಳಿಗಾಲದಲ್ಲಿ ಹೋಗಿ. ಹೋದವರು ಡಾಂಗಮಾಲ್‌ನಿಂದಲೇ ಹಿಂತಿರುಗಬೇಡಿ. ಬಾಗಪಾಟಿಯಾಕ್ಕೂ ಒಂದು ದಿನ ಇಟ್ಟುಕೊಳ್ಳಿ. ಈ ಕರಾವಳಿಯ ಚರಿತ್ರೆ ಬಲ್ಲವರು ಅಲ್ಲಿದ್ದಾರೆ.