ಗಡಿಯಾರ ಮರಳಿ ನಡೆದ ಊರು

ಕೆಲಸವಿಲ್ಲದವನಿಗೆ ಹಣದ ಅಭಾವವಿರಬಹುದು, ಹೊತ್ತಿನ ಅಭಾವವೆಲ್ಲಿಯದು? ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪದವಿ ಮುಗಿಸಿ ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಮಗನಿದ್ದರೆ, “ಇಡೀ ದಿನ ಬಿಡುವಾಗಿಯೇ ಇದ್ದೆಯಲ್ಲ, ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬರಲಾಗಲಿಲ್ಲವೇನೋ?” ಎಂದು ತಾಯಿ ಕೇಳುವುದುಂಟು. ಹುಡುಗನ ಬಳಿ ಉತ್ತರವಿರುವುದಿಲ್ಲ. ಆ ದಿನವೆಲ್ಲ ಎಲ್ಲಿ ಹೋಯಿತೆಂಬುದು ನಿಜವಾಗಿಯೂ ಅವನಿಗೇ ತಿಳಿದಿರುವುದಿಲ್ಲ.

ಇದು ಬರಿಯ ಸೋಮಾರಿತನವಲ್ಲ, ನಿರುದ್ಯೋಗವೇ ಮನುಷ್ಯನಿಗೆ ಹಿಡಿಸುವ ಒಂದು ಬಗೆಯ ಗ್ರಹಣವೆಂಬುದನ್ನು ತೊಂಬತ್ತು ವರ್ಷಗಳಿಗೂ ಹಿಂದೆ ಆಸ್ಟ್ರಿಯ ದೇಶದ ಸಣ್ಣ ಊರೊಂದು ಜಗತ್ತಿಗೆ ತೋರಿಸಿಕೊಟ್ಟಿತು. ಆ ಗ್ರಹಣವನ್ನು ಬಿಡಿಸುವ ಬಗೆ ಹೇಗೆಂಬ ಪ್ರಯೋಗವೂ 2020ರಲ್ಲಿ ಅದೇ ಊರಿನಲ್ಲಿಯೇ ನಡೆದದ್ದು ಒಂದು ವಿಚಿತ್ರ ಯೋಗಾಯೋಗ. ಆ ಊರಿನ ಕಥೆ ಇದು.

ಗಿರಣಿ ನಿಂತಿತು

ವಿಯೆನ್ನಾ ನಗರದ ಆಗ್ನೇಯಕ್ಕೆ, ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿಯಲ್ಲಿ ಗ್ರಾಮಾಟ್‌ನಾಯ್‌ಸೀಡಲ್ ಎಂಬ ಊರಿದೆ. ಅದಕ್ಕೆ ಸೇರಿದ ಕಾರ್ಮಿಕರ ವಸತಿಯೇ ಮರಿಯೆಂಟಾಲ್. 1830ರಲ್ಲಿ ಅಲ್ಲೊಂದು ಬಟ್ಟೆಯ ಗಿರಣಿ ಸ್ಥಾಪನೆಯಾಯಿತು. ಗಿರಣಿಯ ಸುತ್ತ ಮನೆಗಳೆದ್ದವು; ಸಂಘಗಳು, ಪುಸ್ತಕಾಲಯ, ನಾಟಕಮಂಡಳಿ ಎಲ್ಲವೂ ಹುಟ್ಟಿಕೊಂಡವು. ಅಜ್ಜ ನೂಲು ತೆಗೆದ ಕಡೆಯಲ್ಲಿಯೇ ಮೊಮ್ಮಗ ಮಗ್ಗ ನಡೆಸಿದ. ಗಿರಣಿಯ ಕೂಗೇ ಊರಿನ ಗಡಿಯಾರವಾಗಿತ್ತು.

1929ರಲ್ಲಿ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಈ ಊರನ್ನೂ ಬಿಡಲಿಲ್ಲ. ಆ ವರ್ಷ ಒಂದೊಂದೇ ವಿಭಾಗ ಮುಚ್ಚಿತು. 1930ರ ಫೆಬ್ರುವರಿಯಲ್ಲಿ ಕೊನೆಯ ಮಗ್ಗವೂ ನಿಂತಿತು. ಊರಿನಲ್ಲಿದ್ದ 478 ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲು ಮನೆಗಳಲ್ಲಿ ಸಂಬಳ ತರುವ ಒಂದು ಕೈಯೂ ಉಳಿಯಲಿಲ್ಲ.

ಸರ್ಕಾರದಿಂದ ನಿರುದ್ಯೋಗ ಭತ್ಯೆ ದೊರೆಯುತ್ತಿತ್ತು, ನಿಜ. ಆದರೆ ಅದು ಕ್ರಮೇಣ ಇಳಿಯುತ್ತಿತ್ತು. ಅವಧಿ ತೀರಿದವರಿಗೆ ಪೂರ್ತಿಯಾಗಿ ನಿಂತೇಹೋಗುತ್ತಿತ್ತು. ಇನ್ನೂ ಒಂದು ಕಟ್ಟಳೆಯಿತ್ತು. ಭತ್ಯೆ ಪಡೆಯುವವನು ಎಲ್ಲಿಯೂ ಕೈಯಾಡಿಸಿ ಸಂಪಾದಿಸಕೂಡದು. ಮರ ಕಡಿಯುವವರಿಗೆ ನೆರವಾಗಿ ಕೂಲಿಯ ಬದಲು ಒಂದಿಷ್ಟು ಸೌದೆ ತಂದವನೂ ಭತ್ಯೆ ಕಳೆದುಕೊಂಡ ಉದಾಹರಣೆಯಿದೆ. ಎಂದರೆ, ಬದುಕಬೇಕಾದರೆ ಸುಮ್ಮನೆ ಕುಳಿತಿರಬೇಕೆಂಬುದೇ ನಿಯಮವಾಯಿತು!

ನಡಿಗೆ ಅಳೆದವರು

1931ರ ಕೊನೆಯಲ್ಲಿ ವಿಯೆನ್ನಾದಿಂದ ಕೆಲವರು ತರುಣ ಸಂಶೋಧಕರು ಈ ಊರಿಗೆ ಬಂದರು. ಅವರ ಮುಂದಾಳು ಪೌಲ್ ಲಜಾರ್ಸ್‌ಫೆಲ್ಡ್. ಜೊತೆಗೆ ಮರೀ ಯಾಹೋದ ಮತ್ತು ಹಾನ್ಸ್ ಜೈಸೆಲ್. ಯಾಹೋದಳಿಗೆ ಆಗಿನ್ನೂ ಇಪ್ಪತ್ತನಾಲ್ಕು ವರ್ಷ. ಲಜಾರ್ಸ್‌ಫೆಲ್ಡ್ ಮೊದಲು ಅಭ್ಯಸಿಸಬೇಕೆಂದಿದ್ದುದು ಕಾರ್ಮಿಕರು ಬಿಡುವನ್ನು ಹೇಗೆ ಕಳೆಯುತ್ತಾರೆಂಬ ವಿಷಯವನ್ನು. ಜನ ಕೆಲಸವಿಲ್ಲದೆ ಬೀದಿಪಾಲಾಗಿರುವ ಕಾಲದಲ್ಲಿ ಬಿಡುವಿನ ಮಾತೇನೆಂದು ಸಮಾಜವಾದಿ ನಾಯಕ ಓಟೋ ಬಾವರ್ ತಿದ್ದಿದುದರಿಂದ ಅವರ ಗಮನ ಈ ಕಡೆಗೆ ತಿರುಗಿತು.

ಬಂದವರು ಬರಿಯ ಪ್ರೇಕ್ಷಕರಾಗಿ ಉಳಿಯಲಿಲ್ಲ. ಊರಿನವರಿಗೆ ಬಟ್ಟೆಬರೆ ಕೂಡಿಸಿ ತಂದರು. ವೈದ್ಯರಿಂದ ತಪಾಸಣೆ ಮಾಡಿಸಿದರು. ಹೆಂಗಸರಿಗೆ ಬಟ್ಟೆ ಕತ್ತರಿಸುವ ಪಾಠ ನಡೆಸಿದರು. ಈ ನೆಪದಲ್ಲಿಯೇ ಮನೆಮನೆಯ ಒಳಗನ್ನು ಕಂಡರು.

ಅವರಿಗೆ ಕಂಡುದೇನು? ಊರಿನ ಪುಸ್ತಕಾಲಯದಲ್ಲಿ ಚಂದಾ ರದ್ದಾಗಿ ಪುಸ್ತಕಗಳು ಪುಕ್ಕಟೆಯಾಗಿದ್ದವು. ಓದಲು ಹೊತ್ತೂ ಧಾರಾಳವಾಗಿತ್ತು. ಆದರೂ ಎರಡು ವರ್ಷಗಳಲ್ಲಿ ಪುಸ್ತಕ ಒಯ್ಯುವುದು ಅರ್ಧಕ್ಕೆ ಇಳಿದಿತ್ತು. ಸಂಘಗಳು ಸೊರಗಿದ್ದವು. ಹಸಿದವರು ದಂಗೆಯೇಳುವರೆಂದು ಕೆಲವರು ನಿರೀಕ್ಷಿಸಿದ್ದರು. ಊರಿನಲ್ಲಿ ಕಂಡದ್ದು ಮಾತ್ರ ಒಂದು ಮೌನ. ಮಕ್ಕಳಿಗೆ ಕ್ರಿಸ್‌ಮಸ್‌ಗೆ ಏನು ಬೇಕೆಂದು ಬರೆಯಿಸಿದಾಗ, ಈ ಊರಿನ ಮಕ್ಕಳು ಕೇಳಿದ ಉಡುಗೊರೆಗಳ ಬೆಲೆ ಸುತ್ತಲಿನ ಹಳ್ಳಿಗಳ ಮಕ್ಕಳು ಕೇಳಿದುದರ ಮೂರರಲ್ಲೊಂದು ಪಾಲಿನಷ್ಟಿತ್ತು. ಆಸೆಪಡುವುದಕ್ಕೂ ಆ ಕಂದಮ್ಮಗಳು ಅಂಜುತ್ತಿದ್ದವು.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ನಡಿಗೆಯದು. ಊರಿನ ಮುಖ್ಯ ಬೀದಿಯಲ್ಲಿ ಹೋಗಿಬರುವವರ ವೇಗವನ್ನು ಸಂಶೋಧಕರು ಅವರಿಗೆ ತಿಳಿಯದಂತೆ ಅಳೆದರು. 33 ಗಂಡಸರಲ್ಲಿ 18 ಮಂದಿ ಗಂಟೆಗೆ 3 ಕಿಲೋಮೀಟರಿನಂತೆ ಕಾಲೆಳೆಯುತ್ತ ಹೋಗುತ್ತಿದ್ದರು. 17 ಹೆಂಗಸರಲ್ಲಿಯಾದರೋ 10 ಮಂದಿ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದರು. ಕಾರಣ ಸ್ಪಷ್ಟವೇ ಇದೆ. ಗಿರಣಿ ಮುಚ್ಚಿದರೂ ಹೆಂಗಸಿನ ಒಲೆ ಮುಚ್ಚಿರಲಿಲ್ಲ. ಅಡಿಗೆ, ಬಟ್ಟೆ, ಮಕ್ಕಳು ಅವಳನ್ನು ಕಾಯುತ್ತಿದ್ದರು. ಗಂಡಸನ್ನು ಕಾಯುವವರು ಯಾರೂ ಇರಲಿಲ್ಲ. ನೂರು ಗಂಡಸರನ್ನು ನೋಡಿದರೆ 88 ಮಂದಿಯ ಬಳಿ ಗಡಿಯಾರವೇ ಇರಲಿಲ್ಲ. ಮನೆಯಲ್ಲಿ ಗಡಿಯಾರವಿದ್ದವರೂ ಅದನ್ನು ಧರಿಸದೆ ಹೊರಬರುತ್ತಿದ್ದರು. ಗಂಟೆ ಎಷ್ಟಾದರೇನು?

ದಿನದಲ್ಲಿ ಗಂಟೆಗಂಟೆಗೂ ಏನು ಮಾಡಿದಿರೆಂದು ಬರೆದುಕೊಡಲು ಕೇಳಿದಾಗ ಅನೇಕ ಗಂಡಸರಿಗೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ಮತ್ತೇನೂ ನೆನಪಿಗೆ ಬರಲಿಲ್ಲ. ನಮ್ಮ ಕಥೆಯ ಮೊದಲಿಗೆ ಕಂಡ ಹುಡುಗನ ಮೌನಕ್ಕೆ ಇಲ್ಲಿ ಉತ್ತರವಿದೆ.

ಈ ಅಧ್ಯಯನ 1933ರಲ್ಲಿ ಗ್ರಂಥವಾಗಿ ಹೊರಬಿತ್ತು. ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದಿತ್ತು. ಲೇಖಕರು ಯೆಹೂದಿಗಳಾದುದರಿಂದ ಮುಖಪುಟದ ಮೇಲೆ ಅವರ ಹೆಸರೇ ಅಚ್ಚಾಗಲಿಲ್ಲ. ಯಾಹೋದ 1936ರಲ್ಲಿ ಆಸ್ಟ್ರಿಯದಲ್ಲಿಯೇ ಸೆರೆಮನೆ ಕಂಡು, ದೇಶ ಬಿಡಬೇಕೆಂಬ ಕರಾರಿನ ಮೇಲೆ ಮರುವರ್ಷ ಬಿಡುಗಡೆಯಾಗಿ ಇಂಗ್ಲೆಂಡಿಗೆ ಹೋದಳು. ಮುಂದೆ ಆಕೆ ಹೆಸರಾಂತ ಪ್ರಾಧ್ಯಾಪಿಕೆಯಾದರು. ತಾವು ತಾರುಣ್ಯದಲ್ಲಿ ಕಂಡುದನ್ನು ಅವರು ಇಳಿವಯಸ್ಸಿನಲ್ಲಿ ಒಂದು ಸಿದ್ಧಾಂತವಾಗಿಯೇ ನಿರೂಪಿಸಿದರು. ಉದ್ಯೋಗ ಕೊಡುವುದು ಸಂಬಳವನ್ನು ಮಾತ್ರವಲ್ಲ. ದಿನಕ್ಕೊಂದು ಕಟ್ಟು, ಮನೆಯವರಲ್ಲದ ನಾಲ್ಕು ಜನರ ಒಡನಾಟ, ತನಗಿಂತ ದೊಡ್ಡದಾದ ಒಂದು ಉದ್ದೇಶದಲ್ಲಿ ಪಾಲು, ಸಮಾಜದಲ್ಲೊಂದು ಸ್ಥಾನ, ಕೈಕಾಲಿಗೊಂದು ಚಟುವಟಿಕೆ - ಇವೂ ಅದರ ಕೊಡುಗೆಗಳೇ. ಕೆಲಸ ಹೋದಾಗ ಇವೆಲ್ಲವೂ ಒಟ್ಟಿಗೆ ಹೋಗುತ್ತವೆ. ಭತ್ಯೆಯ ಹಣ ಸಂಬಳದ ಒಂದು ಪಾಲನ್ನು ತುಂಬಬಹುದು, ಉಳಿದುದನ್ನು ತುಂಬಲಾರದು.

ಅರ್ಧ ವಾರದ ಕೆಲಸ

ಹಾಗಾದರೆ ಭತ್ಯೆಯ ಜೊತೆಗೆ, ಇಲ್ಲವೇ ಭತ್ಯೆಯ ಬದಲಿಗೆ, ಸರ್ಕಾರ ಕೆಲಸವನ್ನೇ ಕೊಟ್ಟರೆ ಹೇಗೆ? ಈ ಯೋಚನೆ ಅನೇಕ ದೇಶಗಳಲ್ಲಿ ಬೇರೆಬೇರೆ ರೂಪ ತಾಳಿದೆ. ಐರ್ಲೆಂಡಿನಲ್ಲಿ 1994ರಲ್ಲಿ ಆರಂಭವಾದ ಸಮುದಾಯ ಉದ್ಯೋಗ ಯೋಜನೆ ಇವುಗಳಲ್ಲಿ ಪ್ರಸಿದ್ಧವಾದುದು. ಬಹುಕಾಲ ನಿರುದ್ಯೋಗಿಗಳಾಗಿರುವವರು ಅಲ್ಲಿ ಊರಿನ ಸೇವಾಸಂಸ್ಥೆಗಳಲ್ಲಿ ವಾರಕ್ಕೆ 19½ ಗಂಟೆ ಕೆಲಸ ಮಾಡುತ್ತಾರೆ. ವೃದ್ಧರ ಮನೆಗೆ ಊಟ ತಲಪಿಸುವುದು, ಶಿಶುವಿಹಾರದಲ್ಲಿ ನೆರವಾಗುವುದು, ಆಟದ ಮೈದಾನವನ್ನೂ ಊರಿನ ಬೀದಿಯನ್ನೂ ಅಂದವಾಗಿಡುವುದು ಇಂಥ ಕೆಲಸಗಳು. ಹಣ ಸರ್ಕಾರದ್ದು: ಭತ್ಯೆಯ ಮಟ್ಟಕ್ಕೆ ಮೇಲೊಂದು ಸಣ್ಣ ಮೊತ್ತ. ಉಳಿದರ್ಧ ವಾರವನ್ನು ಬೇರೆ ಕೆಲಸ ಹುಡುಕಲು ಬಳಸಬಹುದು.

ಆಸ್ಟ್ರೇಲಿಯದಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಯೋಜನೆಯ ಮನೋಧರ್ಮ ಬೇರೆ. ಭತ್ಯೆ ಬೇಕೆಂದರೆ ಕೆಲಸ ಮಾಡಲೇಬೇಕು, ತಪ್ಪಿದರೆ ಭತ್ಯೆಗೆ ಕತ್ತರಿ ಎಂಬ ನಿರ್ಬಂಧ ಅದರ ಬೆನ್ನಿಗಿತ್ತು. ಗುಡಿಸುವ ಕಸಬರಿಗೆ ಒಂದೇ ಇರಬಹುದು. ಹಿಡಿದ ಕೈಗೆ ಮಾತ್ರ ಒಂದು ಕಡೆ ಅದು ಉದ್ಯೋಗ, ಇನ್ನೊಂದು ಕಡೆ ದಂಡನೆ.

ಮತ್ತೆ ಅದೇ ಊರು

2020ರ ಅಕ್ಟೋಬರಿನಲ್ಲಿ ಆಸ್ಟ್ರಿಯದ ಉದ್ಯೋಗ ಇಲಾಖೆಯ ಪ್ರಾಂತೀಯ ಶಾಖೆ ಗ್ರಾಮಾಟ್‌ನಾಯ್‌ಸೀಡಲ್‌ನಲ್ಲಿಯೇ ಹೊಸ ಪ್ರಯೋಗವನ್ನು ಕೈಗೊಂಡಿತು. ಇದಕ್ಕಾಗಿ ಎತ್ತಿಟ್ಟ ಹಣ 74 ಲಕ್ಷ ಯೂರೋ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರಾದ ಮಾಕ್ಸಿಮಿಲಿಯನ್ ಕಾಸಿ ಮತ್ತು ಲೂಕಾಸ್ ಲೇನರ್ ಫಲಿತಾಂಶವನ್ನು ಪರಿಶೀಲಿಸಲು ಒಪ್ಪಿಕೊಂಡರು.

ಏರ್ಪಾಡು ಸರಳವಾಗಿತ್ತು. ಊರಿನಲ್ಲಿ ದೀರ್ಘಕಾಲದಿಂದ ಕೆಲಸವಿಲ್ಲದಿರುವ ಪ್ರತಿಯೊಬ್ಬರಿಗೂ ಕೆಲಸದ ಭರವಸೆ. ಮೊದಲ ಎರಡು ತಿಂಗಳು ತರಬೇತಿ, ಸಲಹೆ. ಅಗತ್ಯವಿದ್ದವರಿಗೆ ವೈದ್ಯಕೀಯ ನೆರವು. ಬಳಿಕ ಖಾಸಗಿ ಸಂಸ್ಥೆ ಯಾವುದಾದರೂ ಸೇರಿಸಿಕೊಳ್ಳುವುದಾದರೆ ಸಂಬಳದ ಬಹುಪಾಲನ್ನು ಕೆಲಕಾಲ ಸರ್ಕಾರವೇ ತೆರುತ್ತಿತ್ತು. ಹಾಗೆ ಸೇರಲಾಗದವರಿಗೆ ಊರಿಗೆ ಉಪಯೋಗವಾಗುವ ಕೆಲಸಗಳನ್ನೇ ಸೃಷ್ಟಿಸಿದರು: ಮರಗೆಲಸ, ತೋಟಗಳ ಆರೈಕೆ, ಹಳೆಯ ಕಟ್ಟಡದ ದುರಸ್ತಿ ಮೊದಲಾದುವು. ವಯಸ್ಸಾದವರು, ಬೆನ್ನುನೋವಿನವರು, ಮನೆಯಲ್ಲಿ ರೋಗಿಗಳನ್ನೋ ಮಕ್ಕಳನ್ನೋ ನೋಡಿಕೊಳ್ಳಬೇಕಾದವರು ತಮಗಾಗುವಷ್ಟೇ ಗಂಟೆಗಳನ್ನು ಆರಿಸಿಕೊಳ್ಳಬಹುದಾಗಿತ್ತು. ಸಂಬಳ ದೇಶದ ಕೂಲಿ ಒಪ್ಪಂದದ ದರಕ್ಕೆ ಕಡಮೆಯಿಲ್ಲ. ಮುಖ್ಯವಾದ ಮಾತೆಂದರೆ, ಯಾರಿಗೂ ಬಲವಂತವಿರಲಿಲ್ಲ. ಒಲ್ಲೆನೆಂದವನ ಭತ್ಯೆ ನಿಲ್ಲುತ್ತಿರಲಿಲ್ಲ.

ಪರಿಶೀಲನೆಗಾಗಿ ಮೊದಲ 62 ಮಂದಿಯನ್ನು 31ರಂತೆ ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪು ಅಕ್ಟೋಬರಿನಲ್ಲಿಯೂ ಇನ್ನೊಂದು 2021ರ ಫೆಬ್ರುವರಿಯಲ್ಲಿಯೂ ಸೇರಿತು. ಬೇರೆ ಊರುಗಳ ಇಂಥವೇ ನಿರುದ್ಯೋಗಿಗಳೊಡನೆಯೂ ಹೋಲಿಸಿ ನೋಡಿದರು. ಊರಿನಲ್ಲಿ ದೀರ್ಘಕಾಲದ ನಿರುದ್ಯೋಗ ಹೆಚ್ಚುಕಡಮೆ ಇಲ್ಲವಾಯಿತು. ಕೆಲಸಕ್ಕೆ ಸೇರಿದವರ ವರಮಾನವೂ ನೆಮ್ಮದಿಯೂ ಬೆಳೆದುವು. ಅವರ ದಿನಕ್ಕೆ ಮತ್ತೆ ಕಟ್ಟು ಬಂದಿತ್ತು. ನಾಲ್ಕು ಜನರ ಒಡನಾಟ ಬಂದಿತ್ತು. ತಾವೂ ಊರಿಗೆ ಬೇಕಾದವರೆಂಬ ಭಾವನೆ ಬಂದಿತ್ತು. ಯಾಹೋದ ಪಟ್ಟಿಮಾಡಿದ್ದ ನಷ್ಟಗಳೇ ಒಂದೊಂದಾಗಿ ತುಂಬಿಬಂದಂತಿತ್ತು. ಇನ್ನೂ ಸರದಿಗೆ ಕಾಯುತ್ತಿದ್ದವರಲ್ಲಿಯೂ, ಕೆಲಸ ಬರುವುದು ಖಂಡಿತವೆಂಬ ನಂಬಿಕೆಯಿಂದಲೇ ಅಷ್ಟಿಷ್ಟು ಗೆಲವು ಕಂಡಿತು!

ಎಲ್ಲವೂ ಸರಿಹೋಯಿತೆಂದಲ್ಲ. ವರ್ಷಗಳಿಂದ ಕೆಟ್ಟ ದೇಹಾರೋಗ್ಯ ಕೆಲವು ತಿಂಗಳ ಕೆಲಸದಿಂದ ಸುಧಾರಿಸಿದ ಕುರುಹು ದೊರೆಯಲಿಲ್ಲ. ಖರ್ಚೋ? ತಲೆಗೆ ವರ್ಷಕ್ಕೆ ಸುಮಾರು 30,000 ಯೂರೋ. ಇದು ದುಬಾರಿಯೆಂದು ಹುಬ್ಬೇರಿಸುವ ಮುನ್ನ ಇನ್ನೊಂದು ಲೆಕ್ಕವನ್ನು ನೋಡಬೇಕು. ಅದೇ ವ್ಯಕ್ತಿ ಕೆಲಸವಿಲ್ಲದೆ ಕುಳಿತಿದ್ದರೂ ಭತ್ಯೆ, ಕೈತಪ್ಪಿದ ತೆರಿಗೆ ಮುಂತಾಗಿ ಬೊಕ್ಕಸಕ್ಕೆ ತಗಲುವ ವೆಚ್ಚ ಹೆಚ್ಚುಕಡಮೆ ಅಷ್ಟೇ ಎಂದು ಲೆಕ್ಕ ಹಾಕಿದ್ದಾರೆ. ಒಂದೇ ಹಣದಿಂದ ಒಂದು ಕಡೆ ಖಾಲಿ ದಿನ, ಇನ್ನೊಂದು ಕಡೆ ಒಂದು ತೋಟ.

ಉಳಿದ ಪ್ರಶ್ನೆ

ಇಂಥ ಯೋಜನೆಗಳ ಮೇಲೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಅವಧಿ ಮುಗಿದ ಮೇಲೆ ಎಲ್ಲರಿಗೂ ಖಾಯಂ ಕೆಲಸ ಸಿಗುವುದಿಲ್ಲ. ಮೇಲಾಗಿ, ವೃದ್ಧರಿಗೆ ಊಟ ಒಯ್ಯುವುದು ಊರಿಗೆ ಅಷ್ಟು ಅಗತ್ಯವಾದರೆ ಅದಕ್ಕೆ ಪೂರ್ಣ ಸಂಬಳದ ಹುದ್ದೆಯನ್ನೇ ಏಕೆ ನಿರ್ಮಿಸಬಾರದು? ಅರ್ಧ ವಾರದ ಆಳು ಅಗ್ಗವಾಗಿ ಸಿಗುವವರೆಗೆ ಪೂರ್ಣ ಕೆಲಸವನ್ನು ಹುಟ್ಟಿಸುವ ಮನಸ್ಸು ಯಾರಿಗೂ ಬಾರದು. ಈ ಮಾತಿನಲ್ಲಿ ಸತ್ಯವಿದೆ. ಗ್ರಾಮಾಟ್‌ನಾಯ್‌ಸೀಡಲ್‌ನ ಪ್ರಯೋಗವೂ 2024ರಲ್ಲಿ ಮುಗಿಯಿತು. ಪ್ರಯೋಗಕ್ಕೆ ಕೊನೆಯಿರುವುದು ಸಹಜ. ಮನುಷ್ಯನ ಅಗತ್ಯಕ್ಕೆ ಮಾತ್ರ ಕೊನೆಯ ತಾರೀಖಿಲ್ಲ.

ಆದರೂ ಎರಡು ಕಾಲಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. 1931ರಲ್ಲಿ ಸೌದೆ ತಂದವನ ಅನ್ನ ಕಿತ್ತುಕೊಂಡಿತು ಕಾನೂನು. 2020ರಲ್ಲಿ ಅದೇ ಊರಿನಲ್ಲಿ, ನಿನ್ನಿಂದ ಎಷ್ಟಾಗುತ್ತದೋ ಅಷ್ಟು ಮಾಡು, ಅದಕ್ಕೆ ತಕ್ಕ ಸಂಬಳ ತೆಗೆದುಕೋ ಎಂದಿತು. ಜನ ಬದಲಾಗಿರಲಿಲ್ಲ, ಅವರನ್ನು ನೋಡುವ ಕಣ್ಣು ಬದಲಾಗಿತ್ತು. ಹತ್ತಾರು ವರ್ಷ ಸೋಮಾರಿಗಳೆನಿಸಿಕೊಂಡವರು ಕರೆದ ಕೂಡಲೆ ಎದ್ದುಬಂದರೆಂದರೆ, ಅಷ್ಟು ದಿನ ಕೊರತೆಯಾಗಿದ್ದುದು ಅವರ ಮನಸ್ಸಲ್ಲ, ಕರೆಯುವ ಕೊರಳು.

ಸರ್ಕಾರಗಳು ಮಾಡುವ ಕೆಲಸವನ್ನು ಮನೆಯವರು ಮಾಡಲಾರರು. ಆದರೆ ಗಿರಣಿಗೆ ಹೋಗದ ಮಗನನ್ನು ಗದರುವ ಮುನ್ನ ನಾವು ಆ ಬೀದಿಯಲ್ಲಿ ಕಾಲೆಳೆಯುತ್ತ ನಡೆದ ಗಂಡಸರನ್ನು ಒಮ್ಮೆ ನೆನೆಯಬಹುದು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅವನಿಗಾಗಿ ಎಲ್ಲಿಯಾದರೂ ಯಾರಾದರೂ ಕಾಯುತ್ತಿರುವರೆ? ಇದ್ದರೆ, ಗಡಿಯಾರವನ್ನು ಅವನಾಗಿಯೇ ನೋಡುತ್ತಾನೆ.