ಮುಂದೆ ಗುರಿ, ಹಿಂದೆ ಗುರು

ವಿಶ್ವವಿದ್ಯಾನಿಲಯಗಳು ದಯಪಾಲಿಸುವ ಪದವಿಗಳಲ್ಲಿ ಡಾಕ್ಟರ್ ಪದವಿಗೆ ಒಂದು ವಿಶೇಷವುಂಟು. ಬಿ.ಎ., ಎಂ.ಎ. ಮೊದಲಾದ ಪದವಿಗಳಿಗಾಗಿ ಓದುವವರು, ಹಿಂದಿನವರು ಕಂಡುಹಿಡಿದು ಬರೆದಿಟ್ಟುದನ್ನು ಚೆನ್ನಾಗಿ ಅರಿತುಕೊಂಡಿರುವೆವೆಂದು ತೋರಿಸಿಕೊಟ್ಟರೆ ಸಾಕು. ಡಾಕ್ಟರ್ ಪದವಿಯನ್ನು ಬಯಸುವವರಾದರೋ, ಇದುವರೆಗೆ ಯಾರೂ ಅರಿಯದಿದ್ದ ಒಂದಂಶವನ್ನು, ಅದು ಎಷ್ಟೇ ಸಣ್ಣದಾಗಿರಲಿ, ತಾವಾಗಿ ಕಂಡು, ಪ್ರಮಾಣಸಹಿತವಾಗಿ ಪಂಡಿತರ ಮುಂದಿಡಬೇಕು. ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ. ಯಾರೂ ನಡೆಯದ ದಾರಿಯಲ್ಲಿ ನಡೆಯುವವರಿಗೆ ದಾರಿ ತೋರಿಸುವುದು ಹೇಗೆ? ಅವರು ಮುಂದಕ್ಕೆ ಸಾಗುತ್ತಿರುವರೋ, ಇದ್ದಲ್ಲಿಯೇ ಸುತ್ತುತ್ತಿರುವರೋ ಎಂಬುದನ್ನು ನೋಡುವವರು ಯಾರು? ಈ ಪ್ರಶ್ನೆಗಳಿಗೆ ವಿಶ್ವವಿದ್ಯಾನಿಲಯಗಳು ಕಂಡುಕೊಂಡಿರುವ ಉತ್ತರವನ್ನು ನಾವು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇದು ಪಂಡಿತರ ಮನೆವಾರ್ತೆ, ನಮಗೇಕೆ ಎಂದು ಕೇಳುವವರು ಒಂದು ಮಾತನ್ನು ನೆನೆಯಬೇಕು. ಈ ಪದವಿಗಾಗಿ ಯುವಕಯುವತಿಯರು ತೆರುವ ಬೆಲೆ ಅವರ ಆಯುಸ್ಸಿನ ಅತ್ಯುತ್ತಮವಾದ ನಾಲ್ಕೈದು ವರ್ಷಗಳು. ಆ ವೇಳೆಯಲ್ಲಿ ಅವರ ಒಡನಾಡಿಗಳು ಉದ್ಯೋಗ ಹಿಡಿದು ಸಂಸಾರ ಹೂಡಿರುತ್ತಾರೆ. ಐದನೆಯ ವರ್ಷದ ಕೊನೆಯಲ್ಲಿ, “ನೀನು ಹಿಡಿದ ಪ್ರಶ್ನೆಯೇ ಪ್ರಶ್ನೆಯಲ್ಲ” ಎಂದು ಯಾರಾದರೂ ಹೇಳಿದರೆ, ಹೋದ ವರ್ಷಗಳನ್ನು ತಂದುಕೊಡುವವರಾರು? ಆ ಮಾತನ್ನು ಮೊದಲನೆಯ ವರ್ಷದಲ್ಲಿಯೇ ಹೇಳುವಂತೆ ಮಾಡುವುದೇ ಮೇಲ್ವಿಚಾರಣೆಯ ಮೊದಲ ಪ್ರಯೋಜನ.

ಈಗಿನ ಸಂಶೋಧನ ಪದವಿಯ ಬೇರು ಜರ್ಮನಿಯಲ್ಲಿದೆ. ೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಬಳಿಕ, ಬೋಧನೆಯೂ ಸಂಶೋಧನೆಯೂ ಒಂದೇ ಕೈಯಲ್ಲಿರಬೇಕೆಂಬ ಭಾವನೆ ಅಲ್ಲಿ ಬಲಗೊಂಡಿತು. ಗೀಸೆನ್ ಪಟ್ಟಣದಲ್ಲಿ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ತನ್ನ ಪ್ರಯೋಗಶಾಲೆಯಲ್ಲಿ ಶಿಷ್ಯರನ್ನು ಕೈಹಿಡಿದು ಪಳಗಿಸಿದನು. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾನಿಲಯವು ೧೮೬೧ರಲ್ಲಿ ಈ ಪದವಿಯನ್ನು ಮೊದಲು ಕೊಟ್ಟಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ೧೯೧೭ರಲ್ಲಿ ಅದನ್ನು ಅಂಗೀಕರಿಸಿತು. ಜರ್ಮನರು ಮಾರ್ಗದರ್ಶಕನನ್ನು “ಡಾಕ್ಟರ್‌ತಂದೆ” ಎಂಬರ್ಥದ ಹೆಸರಿನಿಂದ ಕರೆಯುವುದುಂಟು. ನಮ್ಮ ಗುರುಕುಲದ ಭಾವನೆಗೆ ಇದು ದೂರವಾದುದಲ್ಲ. ಒಬ್ಬ ಗುರು, ಒಬ್ಬ ಶಿಷ್ಯ ಎಂಬ ಈ ಏರ್ಪಾಟಿನಲ್ಲಿ ಗುರು ಒಳ್ಳೆಯವನಾದರೆ ಅದಕ್ಕಿಂತ ಮೇಲಾದುದಿಲ್ಲ. ಆದರೆ ಗುರುವು ಉದಾಸೀನನೋ, ಕೋಪಿಷ್ಠನೋ, ಕೆಲಸಗಳ ಭಾರದಿಂದ ಬಳಲಿದವನೋ ಆದರೆ ಶಿಷ್ಯನಿಗೆ ಮೊರೆಯಿಡಲು ಬೇರೊಂದು ಬಾಗಿಲಿರಲಿಲ್ಲ. ಈ ಒಂದು ಕುಂದನ್ನು ತುಂಬುವುದಕ್ಕಾಗಿಯೇ ಈಚಿನ ನಿಯಮಗಳೆಲ್ಲವೂ ಹುಟ್ಟಿದುವೆಂದರೆ ತಪ್ಪಾಗಲಾರದು.

ಆಕ್ಸ್‌ಫರ್ಡಿನ ಕ್ರಮವನ್ನು ನೋಡಿ. ಅಲ್ಲಿಗೆ ಸೇರುವ ವಿದ್ಯಾರ್ಥಿಯು ಮೊದಲು ಉಮೇದುವಾರನು ಮಾತ್ರ. ಸುಮಾರು ಒಂದು ವರ್ಷದ ಕೆಲಸವಾದ ಮೇಲೆ ತನ್ನ ಬರಹದ ಮಾದರಿಯನ್ನೂ ಮುಂದಿನ ಯೋಜನೆಯನ್ನೂ ಇಬ್ಬರು ಪರಿಶೀಲಕರ ಮುಂದಿಡುತ್ತಾನೆ; ಅವರು ಒಪ್ಪಿದರೆ ಡಾಕ್ಟರ್ ಪದವಿಯ ವಿದ್ಯಾರ್ಥಿಯೆನಿಸುತ್ತಾನೆ. ಸಾಮಾನ್ಯವಾಗಿ ಮೂರನೆಯ ವರ್ಷದೊಳಗೆ, ಕೆಲಸವು ಮುಗಿಯುವ ಹಾದಿಯಲ್ಲಿದೆಯೇ ಎಂದು ಮತ್ತೊಂದು ಪರಿಶೀಲನೆ ನಡೆಯುತ್ತದೆ. ಇದಲ್ಲದೆ ಪ್ರತಿಯೊಂದು ಅವಧಿಯಲ್ಲಿಯೂ ಮಾರ್ಗದರ್ಶಕನು ಒಂದು ವರದಿಯನ್ನು ಬರೆಯುತ್ತಾನೆ. ವಿದ್ಯಾರ್ಥಿಯೂ ತನ್ನ ವರದಿಯನ್ನು ಬರೆಯಬಹುದು. ಎರಡು ವರದಿಗಳೂ ಒಂದೇ ಕಥೆಯನ್ನು ಹೇಳದಿದ್ದರೆ, ವಿಭಾಗದ ಹಿರಿಯರಿಗೆ ಎಚ್ಚರಿಕೆಯ ಗಂಟೆ ಬಾರಿಸಿದಂತಾಗುತ್ತದೆ.

ಅಮೆರಿಕದಲ್ಲಿ ಒಬ್ಬ ಗುರುವಿನ ಬದಲು ಕೆಲವು ಅಧ್ಯಾಪಕರ ಒಂದು ಸಮಿತಿಯೇ ವಿದ್ಯಾರ್ಥಿಯ ಹೊಣೆ ಹೊರುವುದು ವಾಡಿಕೆ. ಸ್ವೀಡನ್ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಪ್ರತಿ ವಿದ್ಯಾರ್ಥಿಗೂ ಕನಿಷ್ಠಪಕ್ಷ ಇಬ್ಬರು ಮಾರ್ಗದರ್ಶಕರಿರಬೇಕು. ವಿದ್ಯಾರ್ಥಿಯ ಮತ್ತು ವಿಶ್ವವಿದ್ಯಾನಿಲಯದ ಕರ್ತವ್ಯಗಳೆರಡನ್ನೂ ನಮೂದಿಸಿದ ಯೋಜನಾಪತ್ರವೊಂದಿರಬೇಕು. ವಿದ್ಯಾರ್ಥಿಯು ಕೇಳಿಕೊಂಡರೆ ಮಾರ್ಗದರ್ಶಕರನ್ನು ಬದಲಾಯಿಸಿಕೊಡಬೇಕು. ಇದು ಅಲ್ಲಿನ ಸರ್ಕಾರದ ಆಜ್ಞೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ. ಇದಕ್ಕೆ ಮೊದಲು ೨೦೦೯ರಲ್ಲಿಯೂ ೨೦೧೬ರಲ್ಲಿಯೂ ಇಂಥ ನಿಯಮಗಳು ಬಂದಿದ್ದುವು. ಇದರ ಪ್ರಕಾರ ವ್ಯಾಸಂಗಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಪುನಃ ನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ದೊರೆಯಬಹುದು. ಸ್ತ್ರೀಯರಿಗೂ, ಶೇಕಡ ೪೦ಕ್ಕೆ ಮೀರಿದ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು ವರ್ಷಗಳ ಸೌಲಭ್ಯವಿದೆ. ತಾಯಂದಿರಾಗುವವರಿಗೆ ೨೪೦ ದಿನಗಳವರೆಗೆ ರಜವುಂಟು. ಮೊದಲು ೧೨ರಿಂದ ೧೬ ಕ್ರೆಡಿಟ್‌ಗಳಷ್ಟು ಪಾಠಗಳನ್ನು ಓದಿ, ಶೇಕಡ ೫೫ ಅಂಕಗಳನ್ನಾದರೂ ಗಳಿಸಬೇಕು.

ಮೇಲ್ವಿಚಾರಣೆಯ ದೃಷ್ಟಿಯಿಂದ ಮುಖ್ಯವಾದುದು ಸಂಶೋಧನ ಸಲಹಾ ಸಮಿತಿ. ಸಂಶೋಧನೆಯ ಯೋಜನೆಯನ್ನು ಪರಿಶೀಲಿಸಿ, ವಿಷಯವನ್ನು ಖಚಿತಪಡಿಸಿ, ಕೆಲಸದ ಪ್ರಗತಿಯನ್ನು ಕಾಲಕಾಲಕ್ಕೆ ವಿಮರ್ಶಿಸುವುದು ಇದರ ಕರ್ತವ್ಯ. ಪ್ರತಿ ಸೆಮಿಸ್ಟರಿಗೆ ಒಂದಾವರ್ತಿ ವಿದ್ಯಾರ್ಥಿಯು ಈ ಸಮಿತಿಯ ಮುಂದೆ ನಿಂತು ತನ್ನ ಕೆಲಸವನ್ನು ವಿವರಿಸಿ, ಸಂಕ್ಷೇಪವಾದ ವರದಿಯನ್ನು ಒಪ್ಪಿಸಬೇಕು. ಪ್ರಗತಿ ಸಾಲದೆಂದು ತೋರಿದರೆ ಸಮಿತಿಯು ಕಾರಣಗಳನ್ನು ಬರೆದು, ತಿದ್ದಿಕೊಳ್ಳುವ ಉಪಾಯಗಳನ್ನು ಸೂಚಿಸಬೇಕು. ಆ ಸೂಚನೆಗಳನ್ನು ನೆರವೇರಿಸದಿದ್ದರೆ ಮಾತ್ರ ನೋಂದಣಿಯನ್ನು ರದ್ದುಪಡಿಸಲು ಶಿಫಾರಸು ಮಾಡಬಹುದು. ಶಿಕ್ಷೆಗೆ ಮೊದಲು ಉಪಾಯ, ಉಪಾಯಕ್ಕೆ ಮೊದಲು ಲಿಖಿತವಾದ ಕಾರಣ ಎಂಬ ಈ ಕ್ರಮವು ನ್ಯಾಯವಾದುದು.

ಗುರುವಿಗೂ ಕಟ್ಟುಪಾಡುಗಳಿವೆ. ಪ್ರೊಫೆಸರು ಏಕಕಾಲದಲ್ಲಿ ಎಂಟು ಮಂದಿಗೂ, ಅಸೋಸಿಯೇಟ್ ಪ್ರೊಫೆಸರು ಆರು ಮಂದಿಗೂ, ಅಸಿಸ್ಟೆಂಟ್ ಪ್ರೊಫೆಸರು ನಾಲ್ಕು ಮಂದಿಗೂ ಮೀರಿ ಮಾರ್ಗದರ್ಶನ ಮಾಡಕೂಡದು. ನಿವೃತ್ತಿಗೆ ಮೂರು ವರ್ಷಗಳಿಗಿಂತ ಕಡಮೆ ಕಾಲ ಉಳಿದಿರುವವರು ಹೊಸ ಶಿಷ್ಯರನ್ನು ತೆಗೆದುಕೊಳ್ಳುವಂತಿಲ್ಲ. ನಡುಹೊಳೆಯಲ್ಲಿ ಅಂಬಿಗನು ಇಳಿದುಹೋಗದಿರಲೆಂಬುದೇ ಇದರ ಉದ್ದೇಶ.

ಕೊನೆಯದು ಪರೀಕ್ಷೆ. ಬರೆದು ಮುಗಿಸಿದ ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಓದಬೇಕು. ಅನಂತರ ಮೌಖಿಕ ಪರೀಕ್ಷೆ. ಬ್ರಿಟನ್ನಿನಲ್ಲಿ ಮಾರ್ಗದರ್ಶಕನು ತನ್ನ ಶಿಷ್ಯನ ಪರೀಕ್ಷಕನಾಗುವ ಪದ್ಧತಿಯಿಲ್ಲ. ತಾನೇ ಸಾಕಿದ ಕೂಸನ್ನು ತಾನೇ ತೂಗುವಾಗ ತಕ್ಕಡಿಯು ಸ್ವಲ್ಪ ವಾಲುವುದೆಂಬ ಶಂಕೆಯೇ ಇದಕ್ಕೆ ಕಾರಣವಿರಬೇಕು. ಕೃತಿಚೌರ್ಯದ ವಿಷಯದಲ್ಲಿ ೨೦೧೮ರ ನಿಯಮಗಳು ಬೇರೆ ಇವೆ. ಇತರರ ಬರಹದೊಡನೆ ಹೋಲಿಕೆ ಶೇಕಡ ೧೦ರವರೆಗಿದ್ದರೆ ದಂಡವಿಲ್ಲ; ೬೦ನ್ನು ಮೀರಿದರೆ ನೋಂದಣಿಯೇ ರದ್ದು. ಆದರೆ ಇದನ್ನು ಅಳೆಯುವ ಯಂತ್ರವು ಅಕ್ಷರಗಳ ಹೋಲಿಕೆಯನ್ನು ಬಲ್ಲುದೇ ಹೊರತು ಭಾವನೆಯ ಕಳವನ್ನು ಅರಿಯಲಾರದು. ಅದಕ್ಕೆ ಓದಿಬಲ್ಲ ಗುರುವಿನ ಕಣ್ಣೇ ಬೇಕು. ಅಂಗೀಕೃತವಾದ ಪ್ರಬಂಧಗಳನ್ನು “ಶೋಧಗಂಗಾ” ಎಂಬ ಭಂಡಾರದಲ್ಲಿ ಸೇರಿಸಿ, ಯಾರು ಬೇಕಾದರೂ ಓದುವಂತೆ ಮಾಡಿರುವುದೂ ಒಂದು ಬಗೆಯ ಮೇಲ್ವಿಚಾರಣೆಯೇ. ನಾಳೆ ನಾಡೆಲ್ಲ ಓದುವುದೆಂದು ತಿಳಿದವನು ಇಂದು ಎಚ್ಚರದಿಂದ ಬರೆಯುತ್ತಾನೆ.

ಇಷ್ಟೆಲ್ಲ ನಿಯಮಗಳಿದ್ದರೂ ಮೇಲ್ವಿಚಾರಣೆಯು ಕೇವಲ ಶಾಸ್ತ್ರಕ್ಕಾಗಿ ನಡೆದುಹೋಗುವ ಅಪಾಯವುಂಟು. ಸಮಿತಿ ಸೇರುತ್ತದೆ, “ಕೆಲಸವು ತೃಪ್ತಿಕರವಾಗಿ ಸಾಗುತ್ತಿದೆ” ಎಂಬ ವಾಕ್ಯವನ್ನು ಬರೆಯಲಾಗುತ್ತದೆ, ಎಲ್ಲರೂ ರುಜು ಮಾಡಿ ಕಾಫಿ ಕುಡಿದು ಏಳುತ್ತಾರೆ. ಇದನ್ನು ತಪ್ಪಿಸಲು ನಮಗೆ ತೋರುವ ಉಪಾಯವು ಬಹು ಸರಳವಾದುದು. ಗುರುಶಿಷ್ಯರು ಕೂಡಿದಾಗಲೆಲ್ಲ ಮುಂದೆ ಒಂದು ಬರಹವಿರಬೇಕು, ಅದು ಎರಡು ಪುಟವಾದರೂ ಸರಿಯೆ. ಬಾಯಿಮಾತಿನಲ್ಲಿ ಎಲ್ಲ ಕೆಲಸವೂ ಸಾಗುತ್ತಿರುವಂತೆಯೇ ತೋರುವುದು. ಬರೆಯಲು ಕುಳಿತಾಗ ತಿಳಿದುದೆಷ್ಟು, ತಿಳಿಯದುದೆಷ್ಟು ಎಂಬುದು ಬಯಲಾಗುತ್ತದೆ. ಎದ್ದುಹೋಗುವ ಮೊದಲು ಮೂರು ಸಾಲುಗಳನ್ನು ಇಬ್ಬರೂ ಬರೆದಿಟ್ಟುಕೊಳ್ಳಲಿ: ಏನಾಯಿತು, ಏನಾಗಬೇಕು, ಮತ್ತೆ ಸೇರುವುದು ಎಂದು. ಗುರುವು ಅಧ್ಯಾಯವೊಂದನ್ನು ತೆಗೆದುಕೊಂಡು ತಿಂಗಳುಗಟ್ಟಲೆ ಮೇಜಿನಲ್ಲಿಟ್ಟರೆ ಆ ಸಾಲುಗಳೇ ಶಿಷ್ಯನ ಪರವಾಗಿ ಸಾಕ್ಷಿ ನುಡಿಯುತ್ತವೆ. ಶಿಷ್ಯನು ತಿಂಗಳುಗಟ್ಟಲೆ ತಲೆಮರೆಸಿಕೊಂಡರೆ ಗುರುವಿನ ಪರವಾಗಿಯೂ ನುಡಿಯುತ್ತವೆ.

ಇದಕ್ಕೆ ಎದುರಾದ ಇನ್ನೊಂದು ಅಪಾಯವನ್ನೂ ಮರೆಯಬಾರದು. ಅತಿಯಾದ ಮೇಲ್ವಿಚಾರಣೆಯಲ್ಲಿ ಪ್ರಬಂಧವು ಶಿಷ್ಯನ ಹೆಸರಿನಲ್ಲಿ ಗುರುವೇ ಬರೆದ ಗ್ರಂಥವಾಗಿಬಿಡುತ್ತದೆ. “ಮುಂದೆ ಗುರಿ, ಹಿಂದೆ ಗುರು” ಎಂಬ ನಮ್ಮ ಜನರ ಮಾತನ್ನು ಇಲ್ಲಿ ಮನಸ್ಸಿಟ್ಟು ಕೇಳಬೇಕು. ಗುರುವಿನ ಸ್ಥಾನವು ಹಿಂದೆಯೆಂದು ಆ ಮಾತು ಹೇಳುತ್ತದೆ. ಮುಂದೆ ನಡೆಯುವವನು ಶಿಷ್ಯ. ಎಡವಿದಾಗ ಹಿಡಿಯುವಷ್ಟು ಸಮೀಪದಲ್ಲಿ, ಆದರೆ ದೃಷ್ಟಿಗೆ ಅಡ್ಡವಾಗದಂತೆ ನಿಲ್ಲತಕ್ಕವನು ಗುರು. ಮೊದಲನೆಯ ವರ್ಷದಲ್ಲಿ ಪ್ರಶ್ನೆಯನ್ನು ಗುರುವು ಕೇಳುತ್ತಾನೆ, ಶಿಷ್ಯನು ಉತ್ತರ ಹುಡುಕುತ್ತಾನೆ. ಕೊನೆಯ ವರ್ಷದಲ್ಲಿ ಶಿಷ್ಯನು ಹೇಳುವುದನ್ನು ಗುರುವೇ ಕುಳಿತು ಕಲಿಯುವಂತಾದರೆ ಮೇಲ್ವಿಚಾರಣೆಯು ಸಫಲವಾಯಿತೆಂದು ತಿಳಿಯಬಹುದು.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥ ವಿದ್ಯಾರ್ಥಿಗಳಿರಬಹುದು. ಅವರನ್ನು ಕಂಡಾಗಲೆಲ್ಲ “ಎಂದು ಮುಗಿಯುತ್ತದೆ?” ಎಂದು ಕೇಳಿ ನೋಯಿಸುವುದು ನಮ್ಮ ಅಭ್ಯಾಸ. ಅದರ ಬದಲು, “ಗುರುಗಳನ್ನು ಈಚೆಗೆ ಎಂದು ಕಂಡೆ? ಅವರ ಮುಂದೆ ಏನನ್ನು ಬರೆದು ಇಟ್ಟೆ?” ಎಂದು ವಿಶ್ವಾಸದಿಂದ ವಿಚಾರಿಸಿದರೆ, ಸಮಿತಿಗಳು ಮಾಡಬೇಕಾದ ಕೆಲಸದಲ್ಲಿ ಒಂದಷ್ಟನ್ನು ಮನೆಯ ಜಗಲಿಯ ಮೇಲೆಯೇ ಮಾಡಿದಂತಾದೀತು.